ಹಾಡಿಗೆ ಸಾರಾಂಶ ಬರೆಯುವವರು

೧೯೬೨ನೆಯ ಇಸವಿ ಅಕ್ಟೋಬರ್ ೫ರಂದು ಇಂಗ್ಲೆಂಡಿನ ಅಂಗಡಿಗಳಿಗೆ ಒಂದು ಚಿಕ್ಕ ಗ್ರಾಮಾಫೋನ್ ತಟ್ಟೆ ಬಂತು. ಅದರ ಒಂದು ಮುಖದಲ್ಲಿ ‘ಲವ್ ಮಿ ಡೂ’, ಇನ್ನೊಂದು ಮುಖದಲ್ಲಿ ‘ಪಿ. ಎಸ್. ಐ ಲವ್ ಯೂ’. ಹಾಡಿದವರು ಲಿವರ್‌ಪೂಲ್ ಎಂಬ ಬಂದರು ಪಟ್ಟಣದ ನಾಲ್ವರು ತರುಣರು; ಅವರ ಮೇಳದ ಹೆಸರು ಬೀಟಲ್ಸ್. ಮರುವರ್ಷ ಮಾರ್ಚ್ ೨೨ರಂದು ‘ಪ್ಲೀಸ್ ಪ್ಲೀಸ್ ಮಿ’ ಎಂಬ ಅವರ ಮೊದಲ ದೊಡ್ಡ ಧ್ವನಿಮುದ್ರಿಕೆ ಹೊರಬಂದಾಗ ಈ ಹಾಡು ಅದರಲ್ಲಿಯೂ ಸೇರಿತು. ಹಾಡಿನ ಅವಧಿ ಎರಡೂವರೆ ನಿಮಿಷಕ್ಕಿಂತ ಕಡಿಮೆ. ಅದರಲ್ಲಿ ಬರುವ ಬೇರೆ ಬೇರೆ ಪದಗಳನ್ನು ಹೆಕ್ಕಿ ಎಣಿಸಿದರೆ ಇಪ್ಪತ್ತನ್ನು ಮೀರುವುದಿಲ್ಲ. ಗಿಟಾರಿನ ಮೇಲೆ ಹಿಡಿಯಬೇಕಾದ ಕಾರ್ಡುಗಳು ಮೂರೇ ಮೂರು. ಅರ್ಥವೇನೆಂದು ಕೇಳಿದರೆ, ಹುಡುಗನೊಬ್ಬ ಹುಡುಗಿಯೊಬ್ಬಳ ಪ್ರೀತಿಯನ್ನು ಬೇಡುತ್ತಾನೆ, ಅಷ್ಟೇ.

‘ಇದೂ ಒಂದು ಸಾಹಿತ್ಯವೇನ್ರೀ?’ ಎಂದು ನನ್ನ ಮಿತ್ರರೊಬ್ಬರು ಕೇಳುತ್ತಾರೆ. ಅವರು ಇಂಗ್ಲಿಷ್ ಅಧ್ಯಾಪಕರು, ಬಹುಶ್ರುತರು. ಅವರ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ‘ಅಂಗನವಾಡಿಯ ಮಗುವಿನ ಬಾಯಲ್ಲಿಯೂ ಇದಕ್ಕಿಂತ ಹೆಚ್ಚು ಪದಗಳಿರುತ್ತವೆ. ಒಂದೇ ಮಾತನ್ನು ಹತ್ತು ಸಲ ಹೇಳಿದರೆ ಅದು ಹತ್ತು ಮಾತಾಗುತ್ತದೆಯೇ? ಇದರ ಕೀರ್ತಿಯೆಲ್ಲ ಎರವಲು ಕೀರ್ತಿ. ಆ ನಾಲ್ವರು ಮುಂದೆ ಜಗತ್ಪ್ರಸಿದ್ಧರಾದರು. ಆದ್ದರಿಂದ ಅವರ ತೊದಲುನುಡಿಯೂ ಪವಿತ್ರವಾಯಿತು’ ಎಂಬುದು ಅವರ ವಾದ.

ಕನ್ನಡ ಪಾಠ ಹೇಳಿಕೊಂಡಿರುವವನಿಗೆ ಲಿವರ್‌ಪೂಲಿನ ಪಂಚಾಯಿತಿ ಏಕೆ ಎಂದು ವಾಚಕರು ಕೇಳಬಹುದು. ಮಿತ್ರರು ಆ ಹಾಡನ್ನು ಅಳೆಯಲು ಹಿಡಿದಿರುವ ಮೊಳಕೋಲು ನಮ್ಮ ಮನೆಯದು. ಅದೇ ಕೋಲಿನಿಂದ ನಾವು ನಮ್ಮ ಹಾಡುಗಳನ್ನೂ ದಿನವೂ ಅಳೆಯುತ್ತಿದ್ದೇವೆ. ಆದ್ದರಿಂದಲೇ ಈ ಜಗಳ. ಕೋಲು ಡೊಂಕಾಗಿದೆಯೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ದೊಡ್ಡ ಹಾಡನ್ನು ಯಾರು ಬೇಕಾದರೂ ಸಮರ್ಥಿಸಿಯಾರು. ಕಾಗದದ ಮೇಲೆ ಏನೂ ಅಲ್ಲವೆಂದು ತೋರುವ ಹಾಡನ್ನು ಸಮರ್ಥಿಸುವಾಗಲೇ ನಮ್ಮ ತತ್ತ್ವಗಳ ಪರೀಕ್ಷೆ.

ಮೊದಲು ಎರವಲು ಕೀರ್ತಿಯ ಮಾತನ್ನು ತೀರಿಸಿಕೊಳ್ಳೋಣ. ಇಲ್ಲಿ ನನಗೆ ಮಿತ್ರರಿಗಿಂತ ಹೆಚ್ಚು ಕಾಟ ಕೊಡುವವರು ಭಕ್ತರು. ೧೯೬೫ರ ‘ಯೆಸ್ಟರ್‌ಡೇ’ಯನ್ನೂ ೧೯೬೭ರ ‘ಸಾರ್ಜೆಂಟ್ ಪೆಪ್ಪರ್’ ಮುದ್ರಿಕೆಯನ್ನೂ ಮುಂದಿಟ್ಟುಕೊಂಡು ಅವರು ಹಿಂದಕ್ಕೆ ನೋಡುತ್ತಾರೆ. ಈ ಮೊದಲ ಹಾಡಿನಲ್ಲಿಯೇ ಅವೆಲ್ಲದರ ಬೀಜವಿತ್ತೆಂದು ಕೈಮುಗಿಯುತ್ತಾರೆ. ಮರ ಬೆಳೆದು ನಿಂತ ಮೇಲೆ ಬೀಜದಲ್ಲಿ ಮರವನ್ನು ಕಾಣುವುದಕ್ಕೆ ದಿವ್ಯದೃಷ್ಟಿಯೇನೂ ಬೇಕಿಲ್ಲ. ಭಕ್ತರೂ ನಿಂದಕರೂ ಹೇಳುತ್ತಿರುವುದು ಒಂದೇ ಮಾತು: ಈ ಹಾಡಿಗೆ ತನ್ನದೆಂಬ ಯೋಗ್ಯತೆಯಿಲ್ಲ, ಇರುವುದೆಲ್ಲ ಮುಂದಿನದರಿಂದ ಬಂದದ್ದು. ಒಬ್ಬರು ಅದನ್ನು ಹೊಗಳಿಕೆಯಾಗಿ ಹೇಳುತ್ತಾರೆ, ಇನ್ನೊಬ್ಬರು ತೆಗಳಿಕೆಯಾಗಿ ಹೇಳುತ್ತಾರೆ.

ಇದನ್ನು ಒಪ್ಪಲು ಇತಿಹಾಸ ಬಿಡುವುದಿಲ್ಲ. ತಟ್ಟೆ ಬಂದಾಗ ಇವರು ಯಾರೆಂದು ಲಂಡನ್ನಿಗೆ ಗೊತ್ತಿರಲಿಲ್ಲ. ಅದೇ ವರ್ಷ ಜನವರಿ ೧ರಂದು ಡೆಕ್ಕಾ ಕಂಪನಿಯವರು ಇವರನ್ನು ಕರೆಸಿ, ಹಾಡಿಸಿ, ಬೇಡವೆಂದು ಕಳುಹಿಸಿದ್ದರು. ಹಾಗಿದ್ದೂ ‘ಲವ್ ಮಿ ಡೂ’ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ೧೭ನೆಯ ಸ್ಥಾನದವರೆಗೆ ಏರಿತು. ಮೇಳದ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೈನ್ ತನ್ನ ಅಂಗಡಿಗೆ ಹತ್ತು ಸಾವಿರ ತಟ್ಟೆಗಳನ್ನು ತಾನೇ ಕೊಂಡು ಪಟ್ಟಿ ಏರಿಸಿದನೆಂಬ ಗಾಳಿಸುದ್ದಿ ಅಂದಿನಿಂದಲೂ ಇದೆ. ಆತ ಅದನ್ನು ನಿರಾಕರಿಸಿದ್ದ. ೧೯೬೪ರ ಮೇ ತಿಂಗಳಲ್ಲಿ ಇದೇ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ೧೯೮೨ರಲ್ಲಿ ಮತ್ತೆ ಬಿಡುಗಡೆಯಾದಾಗ ಬ್ರಿಟನ್ನಿನಲ್ಲಿ ೪ನೆಯ ಸ್ಥಾನ ಪಡೆಯಿತು. ಈ ಎರಡನ್ನೂ ನಾನು ಸಾಕ್ಷಿಯಾಗಿ ಕರೆಯುವುದಿಲ್ಲ. ಅವು ಕೀರ್ತಿಯ ಸಾಕ್ಷಿಗಳು, ಹಾಡಿನ ಸಾಕ್ಷಿಗಳಲ್ಲ. ನನಗೆ ಬೇಕಾದದ್ದು ಆ ಹದಿನೇಳನೆಯ ಸ್ಥಾನ. ಯಾವ ಹೆಸರಿನ ಹಂಗೂ ಇಲ್ಲದೆ ಅಪರಿಚಿತರು ಕೇಳಿದರು, ಸಾಕಷ್ಟು ಮಂದಿಗೆ ಹಿಡಿಸಿತು. ಏನು ಹಿಡಿಸಿತು? ಅದನ್ನು ವಿಚಾರಿಸುವುದೇ ವಿಮರ್ಶೆಯ ಕೆಲಸ.

ಹಾಡಿನ ಹೆಸರಿನಿಂದಲೇ ಆರಂಭಿಸೋಣ. ಕೊನೆಯಲ್ಲಿರುವ ‘ಡೂ’ ಎಂಬ ಪದಕ್ಕೆ ಅಲ್ಲಿ ಏನು ಕೆಲಸ? ನಿಘಂಟನ್ನು ತೆರೆದರೆ ‘ಮಾಡು’ ಎಂದಿರುತ್ತದೆ. ಅದನ್ನು ತೆಗೆದುಹಾಕಿದರೂ ವಾಕ್ಯದ ಅರ್ಥ ಕೆಡುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಬೇಡಿಕೆಯ ಮಾತಿಗೆ ಅದು ಸೇರಿದಾಗ ಆಜ್ಞೆಯ ಬಿರುಸು ಹೋಗಿ ಒತ್ತಾಯದ ಮೃದುತ್ವ ಬರುತ್ತದೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಬಾ’ ಎನ್ನುವುದಕ್ಕೂ ‘ಬಾರೋ’ ಎನ್ನುವುದಕ್ಕೂ ‘ಬಾರಪ್ಪಾ’ ಎನ್ನುವುದಕ್ಕೂ ನಿಘಂಟಿನಲ್ಲಿ ವ್ಯತ್ಯಾಸವಿಲ್ಲ. ಕರೆಯುವವನಿಗೂ ಕರೆಸಿಕೊಳ್ಳುವವನಿಗೂ ನಡುವಿನ ನಂಟು ಮಾತ್ರ ಪೂರ್ತಿ ಬೇರೆಯಾಗುತ್ತದೆ. ಮಗುವನ್ನು ಊಟಕ್ಕೆ ಕರೆಯುವ ತಾಯಿ ಆ ‘ಓ’ಕಾರವನ್ನು ಎಷ್ಟು ಎಳೆಯುತ್ತಾಳೆ ಎಂಬುದರಲ್ಲಿಯೇ ಎಷ್ಟನೆಯ ಸಲ ಕರೆಯುತ್ತಿದ್ದಾಳೆ ಎಂಬುದೂ ತಿಳಿಯುತ್ತದೆ. ಹಾಡಿನ ‘ಡೂ’ ಅಂಥದು. ಅರ್ಥಕ್ಕೆ ಅದು ಬೇಕಿಲ್ಲ, ಬೇಡುವವನಿಗೆ ಬೇಕು.

ಇನ್ನು ಪ್ರಾಸ. ನಮ್ಮ ಹಳೆಯ ಕವಿಗಳು ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿಟ್ಟರು. ಇಂಗ್ಲಿಷಿನವರು ಸಾಲಿನ ಕೊನೆಯಲ್ಲಿ ಇಡುತ್ತಾರೆ. ಈ ಹಾಡಿನ ಸಾಲುಗಳು ತಂಗುವ ಪದಗಳನ್ನು ನೋಡಿ: ಡೂ, ಯೂ, ಟ್ರೂ, ನ್ಯೂ. ಎಲ್ಲವೂ ಒಂದೇ ದೀರ್ಘಸ್ವರ, ‘ಊ’. ಕಾಗದದ ಮೇಲೆ ಇದು ದಾರಿದ್ರ್ಯದಂತೆ ತೋರುತ್ತದೆ. ಬೇರೆ ಪ್ರಾಸ ಹೊಳೆಯದ ಹುಡುಗನ ಕೆಲಸದಂತೆ ಕಾಣುತ್ತದೆ. ಬಾಯಿ ತೆರೆದು ಹಾಡಿ ನೋಡಿ. ವ್ಯಂಜನದಲ್ಲಿ ಮುಗಿಯುವ ಪದವನ್ನು ಹೆಚ್ಚು ಹೊತ್ತು ಎಳೆಯಲಾಗದು. ನಾಲಿಗೆಯೋ ತುಟಿಯೋ ಅಡ್ಡಬಂದು ಬಾಗಿಲು ಮುಚ್ಚುತ್ತದೆ. ‘ಊ’ಕಾರಕ್ಕೆ ಅಂಥ ತಡೆಯಿಲ್ಲ; ತುಟಿಗಳು ದುಂಡಗಾಗಿ ಮುಂದಕ್ಕೆ ಚಾಚಿರುತ್ತವೆ, ಉಸಿರಿರುವವರೆಗೆ ಸ್ವರ ನಿಲ್ಲುತ್ತದೆ. ಪ್ರತಿ ಸಾಲೂ ಅದೇ ದುಂಡು ಸ್ವರಕ್ಕೆ ಬಂದು ನಿಲ್ಲುವುದರಿಂದ ಎರಡು ಕಂಠಗಳು ಮೇಲೆ ಕೆಳಗೆ ಬೇರೆ ಬೇರೆ ಸ್ಥಾಯಿಯಲ್ಲಿ ಹಾಡಿದರೂ ಅಲ್ಲಿ ಬೆಸೆದುಕೊಳ್ಳುತ್ತವೆ. ಹೀಗೆ ಮಾಡಿದವನು ಧ್ವನಿಶಾಸ್ತ್ರ ಓದಿರಲಿಲ್ಲ. ಪಾಲ್ ಮೆಕಾರ್ಟ್ನಿ ಈ ಹಾಡಿನ ಬಹುಭಾಗವನ್ನು ಕಟ್ಟಿದ್ದು ೧೯೫೮–೫೯ರ ಸುಮಾರಿಗೆ, ಹದಿನಾರರ ಹರೆಯದಲ್ಲಿ, ಶಾಲೆಗೆ ಚಕ್ಕರ್ ಹೊಡೆದ ದಿನಗಳಲ್ಲಿ. ನಡುವಿನ ಭಾಗಕ್ಕೆ ಜಾನ್ ಲೆನನ್ ಕೈಗೂಡಿಸಿದ. ಹುಡುಗನ ಬಾಯಿಗೆ ತಿಳಿದಿತ್ತು, ಅಷ್ಟು ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ‘ಪ್ಲೀಸ್’ ಎಂಬ ಒಂದು ಪದ. ಅಚ್ಚಿನಲ್ಲಿ ಅದು ಎರಡು ಬೆರಳಿನ ಅಗಲದ ಜಾಗವನ್ನೂ ಹಿಡಿಯುವುದಿಲ್ಲ. ಹಾಡಿನಲ್ಲಿ ಅದಕ್ಕೆ ಸಂದಿರುವ ಕಾಲ ಒಂದು ಇಡೀ ಸಾಲಿಗೆ ಸಲ್ಲುವಷ್ಟು. ನಮ್ಮ ವ್ಯಾಕರಣದಲ್ಲಿ ಹ್ರಸ್ವ, ದೀರ್ಘ ಎಂಬವುಗಳ ಜೊತೆಗೆ ಪ್ಲುತವೆಂಬ ಮೂರನೆಯದೊಂದಿದೆ. ತರಗತಿಯಲ್ಲಿ ಒಂದು ನಿಮಿಷದಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ದೂರದಲ್ಲಿರುವವರನ್ನು ಕರೆಯುವಾಗ, ಹಾಡುವಾಗ, ಅಳುವಾಗ ಸ್ವರ ಪ್ಲುತವಾಗುತ್ತದೆಯೆಂದು ಹಿಂದಿನವರು ಗುರುತಿಸಿದ್ದರು. ಮನುಷ್ಯನ ಮಾತು ಅರ್ಥವನ್ನು ಮೀರಿ ಚಾಚಿಕೊಳ್ಳುವ ಮೂರು ಸಂದರ್ಭಗಳು ಅವು. ಲಿವರ್‌ಪೂಲಿನ ಹುಡುಗ ಅಲ್ಲಿ ಹಾಡುತ್ತಿದ್ದಾನೆ, ಕರೆಯುತ್ತಿದ್ದಾನೆ, ಅಳುವುದೊಂದು ಬಾಕಿ. ಇಡೀ ಹಾಡಿನ ಬೇಡಿಕೆ ಆ ಒಂದು ಪ್ಲುತದಲ್ಲಿದೆ. ಮಿತ್ರರು ಪದಗಳನ್ನು ಎಣಿಸಿದರು, ಮಾತ್ರೆಗಳನ್ನು ಎಣಿಸಲಿಲ್ಲ.

ಆ ಪ್ಲುತ ಮುಗಿದೊಡನೆ ನಡೆಯುವುದನ್ನು ಕೇಳಿ. ವಾದ್ಯಗಳೆಲ್ಲ ತಟಕ್ಕನೆ ನಿಲ್ಲುತ್ತವೆ. ಅದುವರೆಗೆ ಎರಡಾಗಿದ್ದ ಕಂಠ ಒಂದಾಗುತ್ತದೆ. ಆ ಒಂಟಿ ದನಿ ಹಾಡಿನ ಹೆಸರನ್ನು ಉಸುರುತ್ತದೆ. ಹಿಂದೆಯೇ ಮೌತ್ ಆರ್ಗನ್ ಬಂದು ಮಾತನ್ನು ಎತ್ತಿಕೊಳ್ಳುತ್ತದೆ. ಇದು ಹೀಗಾದದ್ದಕ್ಕೆ ಒಂದು ಸ್ವಾರಸ್ಯವಾದ ಕಾರಣವಿದೆ. ಆವರೆಗೆ ಆ ಒಂಟಿ ಮಾತನ್ನು ಹಾಡುತ್ತಿದ್ದವನು ಲೆನನ್. ಮೌತ್ ಆರ್ಗನ್ ನುಡಿಸುವವನೂ ಅವನೇ. ಒಂದೇ ಬಾಯಿ ಎರಡು ಕೆಲಸ ಮಾಡಲಾರದು. ‘ಡೂ’ ಎಂಬ ಸ್ವರ ನಿಂತಿರುವಾಗಲೇ ವಾದ್ಯ ಏಳಬೇಕು. ಧ್ವನಿಮುದ್ರಣದ ಹೊಣೆ ಹೊತ್ತಿದ್ದ ಜಾರ್ಜ್ ಮಾರ್ಟಿನ್ ಇದನ್ನು ಕಂಡು, ಆ ಮಾತನ್ನು ಮೆಕಾರ್ಟ್ನಿ ಹಾಡಲೆಂದು ಸ್ಥಳದಲ್ಲಿಯೇ ಹೇಳಿದರು. ಹಿಂದೆಂದೂ ಹಾಗೆ ಹಾಡದಿದ್ದ ಹುಡುಗ, ವಾದ್ಯಗಳ ಆಸರೆಯೂ ಇಲ್ಲದೆ ಹಾಡಬೇಕಾಯಿತು. ತನ್ನ ದನಿಯಲ್ಲಿದ್ದ ಅಂದಿನ ಅಂಜಿಕೆ ತನಗೆ ಈಗಲೂ ಕೇಳಿಸುತ್ತದೆಂದು ಮೆಕಾರ್ಟ್ನಿ ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡಿದ್ದಾರೆ.

ಈಗ ಮಿತ್ರರ ಪ್ರಶ್ನೆಗೆ ಮರಳೋಣ. ಒಂದೇ ಮಾತನ್ನು ಹತ್ತು ಸಲ ಹೇಳಿದರೆ ಹತ್ತು ಮಾತಾಗುತ್ತದೆಯೇ ಎಂದರಲ್ಲವೆ? ಕಾಗದದ ಮೇಲೆ ಆಗುವುದಿಲ್ಲ. ಕಿವಿಗೆ, ಇಬ್ಬರು ಕೂಡಿ ಧೈರ್ಯವಾಗಿ ಹಾಡಿದ ಮಾತು ಬೇರೆ. ವಾದ್ಯಗಳು ಕೈಬಿಟ್ಟ ಮೌನದಲ್ಲಿ ಒಬ್ಬನೇ ಅಂಜುತ್ತ ಹಾಡಿದ ಮಾತು ಬೇರೆ. ಗೆಳೆಯನನ್ನು ಪಕ್ಕದಲ್ಲಿಟ್ಟುಕೊಂಡು ಆಡಿದ ಮಾತನ್ನೇ ಮರುಕ್ಷಣ ಒಂಟಿಯಾಗಿ ನಿಂತು ಆಡಬೇಕಾಗಿ ಬಂದ ತರುಣನ ಅವಸ್ಥೆ ಅದು. ಪ್ರೇಮನಿವೇದನೆಯ ಬಗ್ಗೆ ಇದಕ್ಕಿಂತ ನಿಜವಾದ ಮಾತನ್ನು ಎಷ್ಟು ಕವಿಗಳು ಹೇಳಿದ್ದಾರೆ? ಆದರೆ ಇದನ್ನು ಹಾಡು ಹೇಳಿದೆ, ಪದ ಹೇಳಿಲ್ಲ. ಪದವನ್ನು ಮಾತ್ರ ನೋಡುವವರಿಗೆ ಅಲ್ಲಿ ಪುನರುಕ್ತಿದೋಷ ಕಾಣುತ್ತದೆ.

ಹಳಗನ್ನಡ ಕಾವ್ಯಗಳ ಪಾಠ ಹೇಳುವ ನನಗೆ ಈ ಹಾಡಿನ ಇನ್ನೊಂದು ಸಂಗತಿ ಬಹಳ ಪ್ರಿಯ. ಇದಕ್ಕೆ ಪಾಠಾಂತರಗಳಿವೆ. ಲಂಡನ್ನಿನ ಆ್ಯಬಿ ರೋಡಿನಲ್ಲಿರುವ ಇಎಂಐ ಕಂಪನಿಯ ಧ್ವನಿಮುದ್ರಣ ಮಂದಿರದಲ್ಲಿ ಇದನ್ನು ಮೂರು ಸಲ ಮುದ್ರಿಸಿದರು. ೧೯೬೨ರ ಜೂನ್ ೬ರಂದು ಡ್ರಮ್ ಬಾರಿಸಿದವನು ಪೀಟ್ ಬೆಸ್ಟ್. ಸೆಪ್ಟೆಂಬರ್ ೪ರ ಹೊತ್ತಿಗೆ ಅವನ ಜಾಗಕ್ಕೆ ರಿಂಗೋ ಸ್ಟಾರ್ ಬಂದಿದ್ದ. ಅದೂ ತೃಪ್ತಿಕರವೆನಿಸದೆ ಸೆಪ್ಟೆಂಬರ್ ೧೧ರಂದು ಆ್ಯಂಡಿ ವೈಟ್ ಎಂಬ ಅನುಭವಿ ವಾದ್ಯಗಾರರನ್ನು ಕೂಲಿ ಕೊಟ್ಟು ಕರೆಸಿದರು; ಪಾಪ, ರಿಂಗೋ ಕೈಗೆ ಒಂದು ಟ್ಯಾಂಬರಿನ್ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿದರು. ಮೊದಲು ಮಾರಾಟಕ್ಕೆ ಬಂದ ತಟ್ಟೆಯಲ್ಲಿದ್ದದ್ದು ರಿಂಗೋ ಬಾರಿಸಿದ ಪಾಠ; ಮರುವರ್ಷದ ದೊಡ್ಡ ಮುದ್ರಿಕೆಯಲ್ಲಿರುವುದು ವೈಟ್ ಬಾರಿಸಿದ ಪಾಠ. ಗೆಜ್ಜೆಯಂತೆ ಝಲ್ಲೆನ್ನುವ ಟ್ಯಾಂಬರಿನ್ ಕೇಳಿಸಿದರೆ ಅದು ವೈಟ್ ಅವರದು, ಕೇಳಿಸದಿದ್ದರೆ ರಿಂಗೋನದು. ಬೆಸ್ಟ್ ಬಾರಿಸಿದ್ದು ೧೯೯೫ರವರೆಗೂ ಬೆಳಕು ಕಾಣಲಿಲ್ಲ. ಅದರ ನಡುವಿನ ಭಾಗದಲ್ಲಿ ಲಯ ಒಮ್ಮೆ ಮುಗ್ಗರಿಸಿ ಏಳುವುದನ್ನು ಈಗ ಯಾರು ಬೇಕಾದರೂ ಕೇಳಬಹುದು. ರಿಂಗೋ ಪಾಠದ ಮೂಲ ಟೇಪು ಉಳಿಯಲಿಲ್ಲ. ಮುಂದೆ ಅದು ಬೇಕಾದಾಗ ಹಳೆಯ ತಟ್ಟೆಯಿಂದಲೇ ಪ್ರತಿ ಮಾಡಿಕೊಳ್ಳಬೇಕಾಯಿತು. ಮೂಲಪ್ರತಿ ಕಳೆದುಹೋಗಿ ಪ್ರತಿಯ ಪ್ರತಿಯೊಂದು ನಮ್ಮ ಕೈಸೇರುವ ಈ ಕತೆ ಓಲೆಗರಿಗಳೊಡನೆ ಬಾಳಿದವರಿಗೆ ಹೊಸದಲ್ಲ.

ಈ ಮೂರು ಪಾಠಗಳ ಪದಗಳನ್ನು ಕಾಗದಕ್ಕಿಳಿಸಿ ಅಕ್ಕಪಕ್ಕ ಇಟ್ಟು ನೋಡಿ. ಒಂದಕ್ಷರದ ವ್ಯತ್ಯಾಸವೂ ಹೇಳುವಂಥದಿಲ್ಲ. ಯಾವ ಸಂಪಾದಕನೂ ಅಡಿಟಿಪ್ಪಣಿ ಹಾಕಲಾರ. ಆದರೆ ಕೇಳಿದವನು ಮೂರನ್ನೂ ಒಂದೇ ಎನ್ನಲಾರ. ಮೊದಲನೆಯದು ತಡವರಿಸುತ್ತದೆ, ಎರಡನೆಯದು ಹೆಜ್ಜೆ ಕೂಡಿಸಿಕೊಳ್ಳುತ್ತದೆ, ಮೂರನೆಯದು ನೆಟ್ಟಗೆ ನಡೆಯುತ್ತದೆ. ವ್ಯತ್ಯಾಸಗಳೆಲ್ಲ ಜಾರಿಹೋಗುವಂಥ ಜರಡಿಯನ್ನು ಹಿಡಿದು, ‘ಏನೂ ಸಿಕ್ಕಲಿಲ್ಲ’ ಎನ್ನುವುದು ಯಾವ ಶಾಸ್ತ್ರ?

ಇಷ್ಟಾದರೆ ಇದು ರಸಿಕರ ಹರಟೆಯಾದೀತು. ಜಗಳಕ್ಕೆ ನಿಜವಾದ ಕಾರಣ ಬೇರೆಯಿದೆ. ಸೆಪ್ಟೆಂಬರ್ ೪ರಂದು ಈ ಹುಡುಗರು ಇನ್ನೊಂದು ಹಾಡನ್ನೂ ಮುದ್ರಿಸಿದರು. ಅದು ಅವರದಲ್ಲ, ಮಿಚ್ ಮರ್ರಿ ಎಂಬ ವೃತ್ತಿಪರ ಗೀತಕಾರ ಬರೆದ ‘ಹೌ ಡೂ ಯೂ ಡೂ ಇಟ್’. ಜಾರ್ಜ್ ಮಾರ್ಟಿನ್ ಅದನ್ನೇ ಮೊದಲ ತಟ್ಟೆಯಾಗಿ ಹೊರತರಲು ಮನಸ್ಸು ಮಾಡಿದ್ದರು. ಆ ಕಾಲದ ಲಂಡನ್ನಿನ ರೂಢಿಯೇ ಹಾಗೆ. ಡೆನ್ಮಾರ್ಕ್ ಸ್ಟ್ರೀಟ್ ಎಂಬ ಬೀದಿಯ ತುಂಬ ಹಾಡು ಪ್ರಕಟಿಸುವವರ ಕಚೇರಿಗಳು. ಬರೆಯುವವರು ಅಲ್ಲಿ ಬರೆಯುತ್ತಾರೆ, ಕಂಪನಿಯವರು ಆರಿಸುತ್ತಾರೆ, ಹಾಡುಗಾರರು ಕೊಟ್ಟದ್ದನ್ನು ಹಾಡುತ್ತಾರೆ. ದೂರದ ಬಂದರಿನಿಂದ ಬಂದ, ಸಂಗೀತದ ಲಿಪಿಯನ್ನೂ ಓದಲು ಬಾರದ ಹುಡುಗರು ತಮ್ಮ ಹಾಡು ತಮಗಿರಲೆಂದು ಹಟ ಹಿಡಿಯುವುದು ಅಧಿಕಪ್ರಸಂಗವೆಂದೇ ಎಣಿಕೆ.

ಅವರು ಹಟ ಹಿಡಿದರು. ಮಾರ್ಟಿನ್ ಕೊನೆಗೆ ಒಪ್ಪಿದರು. ಆ ಔದಾರ್ಯಕ್ಕೆ ಅವರನ್ನು ನೆನೆಯಬೇಕು. ಮಾರ್ಟಿನ್ ಅವರ ವ್ಯಾಪಾರದ ಊಹೆ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಮಿಚ್ ಮರ್ರಿಯ ಆ ಹಾಡನ್ನು ಲಿವರ್‌ಪೂಲಿನ ಇನ್ನೊಂದು ಮೇಳವಾದ ಗೆರಿ ಆ್ಯಂಡ್ ದ ಪೇಸ್‌ಮೇಕರ್ಸ್ ಹಾಡಿತು. ೧೯೬೩ರ ಏಪ್ರಿಲ್‌ನಲ್ಲಿ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಹುಡುಗರ ಸ್ವಂತದ್ದು ಹದಿನೇಳು, ಬೇಡವೆಂದದ್ದು ಒಂದು!

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿರಿ. ಆ ಎರಡು ಹಾಡುಗಳ ಪದಗಳನ್ನು ನಮ್ಮ ಮಿತ್ರರ ಮುಂದೆ ಅಚ್ಚುಮಾಡಿ ಇಟ್ಟಿದ್ದರೆ ಅವರು ಯಾವುದಕ್ಕೆ ಹೆಚ್ಚು ಅಂಕ ಕೊಡುತ್ತಿದ್ದರು? ಸಂಶಯವೇ ಇಲ್ಲ, ಮಿಚ್ ಮರ್ರಿಗೆ. ಪದ ಹೆಚ್ಚು, ಪ್ರಶ್ನೆಯೊಂದನ್ನು ಹಿಡಿದು ಹೊಸೆದ ಚಮತ್ಕಾರ ಹೆಚ್ಚು, ಕಟ್ಟಡ ಅಚ್ಚುಕಟ್ಟು. ಮಾರುಕಟ್ಟೆಯನ್ನು ಕಂಡರೆ ಮೂಗು ಮುರಿಯುವ ಪುಟದ ಪಂಡಿತನೂ, ಸಾಹಿತ್ಯದ ಗೊಡವೆಯಿಲ್ಲದ ಮಾರುಕಟ್ಟೆಯೂ ಒಂದೇ ತೀರ್ಪು ಕೊಡುತ್ತಿದ್ದರು. ಇಬ್ಬರೂ ನೋಡುವುದು ಸಿದ್ಧವಾಗಿ ಬಂದ ಸರಕಿನ ನಯವನ್ನು. ಅದು ಯಾರ ಬಾಯಿಂದ, ಯಾವ ಅಗತ್ಯದಿಂದ ಬಂತೆಂಬುದನ್ನಲ್ಲ. ಹುಡುಗರು ಆ ಸಿದ್ಧ ಹಾಡನ್ನು ಹಾಡಿದ್ದು ಕೂಡ ೧೯೯೫ರಲ್ಲಿ ಹೊರಬಂದಿದೆ. ಎರಡನ್ನೂ ಒಂದರ ಮೇಲೊಂದು ಕೇಳಿ ನೋಡಬೇಕು. ಅಲ್ಲಿ ಅವರು ಒಪ್ಪಿಸಿದ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಇಲ್ಲಿ ಬೇಡುತ್ತಾರೆ.

ಆ ಹಟದ ಫಲವನ್ನು ಹೆಚ್ಚು ಬೆಳೆಸಿ ಹೇಳಬೇಕಾಗಿಲ್ಲ. ‘ಪ್ಲೀಸ್ ಪ್ಲೀಸ್ ಮಿ’ ಮುದ್ರಿಕೆಯ ೧೪ ಹಾಡುಗಳಲ್ಲಿ ೮ ಅವರವೇ. ಅವುಗಳಲ್ಲಿ ೧೦ನ್ನು ೧೯೬೩ರ ಫೆಬ್ರುವರಿ ೧೧ರಂದು ಒಂದೇ ದಿನದಲ್ಲಿ ಮುದ್ರಿಸಿದರು. ಮುದ್ರಿಕೆ ೩೦ ವಾರ ಪಟ್ಟಿಯ ತುದಿಯಲ್ಲಿ ನಿಂತಿತು. ಹಾಡುವವರೇ ಹಾಡು ಕಟ್ಟಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂಬ ಮಾತು ಆ ಪೀಳಿಗೆಯ ಬಡ ಹುಡುಗರಿಗೆ ತಟ್ಟಿದ್ದು ಹೀಗೆ. ನಮ್ಮ ಹಳ್ಳಿಗಳಲ್ಲಿ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಲಂಡನ್ನಿನ ಕಂಪನಿಗಳಿಗೆ ಕಲಿಸಬೇಕಾಗಿತ್ತು.

‘ಹಾಗಾದರೆ ಬಾಗಿಲಿಗೆ ಅಗಣಿಯೇ ಬೇಡವೋ? ಇದನ್ನು ಒಳಗೆ ಬಿಟ್ಟರೆ ನಾಳೆ ಸಾಬೂನಿನ ಜಾಹೀರಾತಿನ ಹಾಡೂ ಬಂದು ಕೂರುತ್ತದೆ’ ಎಂದು ಮಿತ್ರರು ಕೊನೆಯ ಬಾಣ ಬಿಡುತ್ತಾರೆ. ಅಗಣಿ ಬೇಕು, ಖಂಡಿತ ಬೇಕು. ಕಿವಿಯ ತೀರ್ಪು ಸಡಿಲವಾದ ತೀರ್ಪೆಂದು ಯಾರು ಹೇಳಿದರು? ಕಿವಿಯಿಂದಲೇ ಕೇಳಿ ಹೇಳುತ್ತೇನೆ: ‘ಲವ್ ಮಿ ಡೂ’ ಮಹಾಗೀತೆಯಲ್ಲ. ನಡುವಿನ ಭಾಗದಲ್ಲಿ ಮಾತು ಸೊರಗುತ್ತದೆ. ಹೊಸಬಳೊಬ್ಬಳು ಬೇಕೆನ್ನುವುದೂ ಇವಳೇ ಬೇಕೆನ್ನುವುದೂ ಒಂದಕ್ಕೊಂದು ಒಗ್ಗದೆ ನಿಲ್ಲುತ್ತವೆ, ರಾಗವೂ ಅದನ್ನು ಕಾಪಾಡುವುದಿಲ್ಲ. ಕೆಲವೇ ತಿಂಗಳುಗಳ ಮೇಲೆ ಬಂದ ಅವರ ಎರಡನೆಯ ತಟ್ಟೆ, ಮುದ್ರಿಕೆಗೆ ಹೆಸರು ಕೊಟ್ಟ ಹಾಡು, ಇದಕ್ಕಿಂತ ಎಷ್ಟೋ ಮೇಲು. ಅಲ್ಲಿ ‘ಪ್ಲೀಸ್’ ಎಂಬ ಅದೇ ಪದ ಒಮ್ಮೆ ಬೇಡಿಕೆಯಾಗಿ, ಒಮ್ಮೆ ‘ಸಂತೋಷಪಡಿಸು’ ಎಂಬ ಕ್ರಿಯೆಯಾಗಿ ಎರಡು ಹೊರಳು ಹೊರಳುತ್ತದೆ. ಇಂಥ ಹೆಚ್ಚುಕಡಿಮೆಗಳನ್ನು ಹೇಳಬೇಕಾದರೆ ಹಾಡನ್ನು ಕೇಳಿರಬೇಕು. ಕೇಳದೆ ಬಾಗಿಲು ಮುಚ್ಚುವವನು ಕಾವಲುಗಾರನಲ್ಲ. ಬಾಗಿಲ ಹಿಂದೆ ನಿದ್ದೆ ಮಾಡುತ್ತಿರುವವನು.

ದೊಡ್ಡ ಸಭೆಗಳಲ್ಲಿಯೂ ಇದೇ ಗೊಂದಲವನ್ನು ಕಂಡಿದ್ದೇವೆ. ೨೦೧೬ರಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರಿಗೆ ಸಾಹಿತ್ಯದ ನೊಬೆಲ್ ಬಂದಾಗ ವಿರೋಧಿಸಿದವರು, ‘ಹಾಡು ಸಾಹಿತ್ಯವಲ್ಲ’ ಎಂದರು. ಪರವಹಿಸಿದವರಲ್ಲಿ ಅನೇಕರು, ‘ಓದಿ ನೋಡಿ, ಕವಿತೆಯ ಹಾಗೆಯೇ ಓದಿಸಿಕೊಳ್ಳುತ್ತದೆ’ ಎಂದರು. ಸ್ವೀಡಿಷ್ ಅಕಾಡೆಮಿಯ ಕಾರ್ಯದರ್ಶಿ ಹೋಮರನನ್ನೂ ಸ್ಯಾಫೋಳನ್ನೂ ನೆನಪಿಸಿದರು. ಅವರ ಕೃತಿಗಳೂ ಕೇಳುವುದಕ್ಕಾಗಿ ಹುಟ್ಟಿದವು, ನಾವು ಅವನ್ನು ಇಂದಿಗೂ ಓದುತ್ತೇವೆ ಎಂಬುದು ಅವರ ಸಮರ್ಥನೆ. ಅಂದರೆ ಪರ ವಿರೋಧ ಎರಡೂ ಪಕ್ಷಗಳು ಕೊನೆಗೆ ಪುಟವನ್ನೇ ನ್ಯಾಯಾಧೀಶನಾಗಿ ಒಪ್ಪಿಕೊಂಡವು. ಮರುವರ್ಷ ಡಿಲನ್ ಒಪ್ಪಿಸಿದ ನೊಬೆಲ್ ಉಪನ್ಯಾಸದಲ್ಲಿ, ಹಾಡುಗಳು ಇರುವುದು ಹಾಡುವುದಕ್ಕೆ, ಪುಟದ ಮೇಲೆ ಓದುವುದಕ್ಕಲ್ಲ ಎಂಬ ಭಾವದ ಮಾತನ್ನು ಸ್ಪಷ್ಟವಾಗಿಯೇ ಹೇಳಿದರು. ಗೌರವ ಕೊಟ್ಟವರಿಗಿಂತ ಪಡೆದವರಿಗೆ ವಿಷಯ ಚೆನ್ನಾಗಿ ತಿಳಿದಿತ್ತು. ಡಿಲನ್ ಅವರ ಹಾಡುಗಳಲ್ಲಿ ಪದಸಮೃದ್ಧಿಯಿದೆ. ಪುಟದ ಪರೀಕ್ಷೆಯಲ್ಲಿ ಹೇಗೋ ತೇರ್ಗಡೆಯಾದಾವು. ಆ ಪರೀಕ್ಷೆಯಲ್ಲಿ ನಪಾಸಾಗುವ ‘ಲವ್ ಮಿ ಡೂ’ದಂಥ ಹಾಡಿಗೆ ಯಾರು ಗತಿ?

ಈ ಪ್ರಶ್ನೆ ನಮ್ಮ ತರಗತಿಯ ಬಾಗಿಲಿಗೂ ಬಂದು ನಿಲ್ಲುತ್ತದೆ. ಪಠ್ಯದಲ್ಲಿ ಕೀರ್ತನೆಯೊಂದು ಅಚ್ಚಾಗಿರುತ್ತದೆ. ಪಲ್ಲವಿಯ ಮುಂದೆ ‘ಪ’ ಎಂಬ ಒಂದಕ್ಷರ; ಹಾಡುವವನು ಪ್ರತಿ ಚರಣದ ಮೇಲೂ ಮರಳಿ ಬರುವ, ಬಂದಾಗಲೆಲ್ಲ ಬೇರೆಯಾಗಿ ಬರುವ ಆ ಮಾತನ್ನು ವಿದ್ಯಾರ್ಥಿ ಒಮ್ಮೆ ಓದಿ ದಾಟುತ್ತಾನೆ. ಜನಪದ ಗೀತೆಯ ‘ಸೋ’ ಎಂಬ ಸೊಲ್ಲು, ಜೋಗುಳದ ‘ಜೋ’ ಎಂಬ ದನಿ ಅಚ್ಚಿನಲ್ಲಿ ಒಂದೆರಡು ಸಲ ಕಾಣಿಸಿ, ಆಮೇಲೆ ಜಾಗ ಉಳಿಸಲು ಚುಕ್ಕಿಗಳಾಗುತ್ತವೆ. ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ: ‘ಈ ಗೀತೆಯ ಸಾರಾಂಶವನ್ನು ಬರೆಯಿರಿ.’ ಜೋಗುಳದ ಸಾರಾಂಶವೇನು? ‘ಮಗುವೇ, ಮಲಗು.’ ಹತ್ತಕ್ಕೆ ಹತ್ತು ಅಂಕ! ‘ಲವ್ ಮಿ ಡೂ’ ಹಾಡಿನ ಸಾರಾಂಶ? ಅದನ್ನು ಮಿತ್ರರು ಆಗಲೇ ಬರೆದಾಗಿದೆ. ಸಾರಾಂಶ ಬರೆದ ಮೇಲೆ ಉಳಿಯುವುದು ಏನೂ ಇಲ್ಲ ಎನ್ನುವುದು ಹಾಡಿನ ಕೊರತೆಯಲ್ಲ. ಸಾರಾಂಶವೆಂಬ ಪದ್ಧತಿಗೆ ಹಾಡು ಸಿಕ್ಕುವುದಿಲ್ಲ ಎಂಬುದಕ್ಕೆ ರುಜುವಾತು.

ಹಾನಿಯಾಗುವುದು ಹಾಡುಗಳಿಗಲ್ಲ. ಅವು ನಮ್ಮ ತೀರ್ಪಿಗೆ ಕಾದು ಕೂತಿಲ್ಲ. ಹಾನಿಯಾಗುವುದು ಬೆಂಚಿನ ಮೇಲೆ ಕೂತ ಹುಡುಗ ಹುಡುಗಿಯರಿಗೆ. ತಾವು ಬಾಯ್ತುಂಬ ಹಾಡುವುದು ಸಾಹಿತ್ಯವಲ್ಲ, ಸಾಹಿತ್ಯವೆಂಬುದು ಬಾಯಿ ಮುಚ್ಚಿಕೊಂಡು ಓದುವಂಥದು ಎಂಬ ನಂಬಿಕೆ ಅವರಲ್ಲಿ ಬೇರೂರಿದೆ. ತಾವು ಕಟ್ಟಿದ ನಾಲ್ಕು ಮುರುಕು ಸಾಲುಗಳನ್ನು ಅವರು ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಬಚ್ಚಿಡುತ್ತಾರೆ. ಆ ಸಾಲುಗಳಲ್ಲಿ ಪದ ಇಪ್ಪತ್ತಕ್ಕಿಂತ ಕಡಿಮೆಯಿರಬಹುದು, ಪ್ರಾಸ ಒಂದೇ ಇರಬಹುದು. ಅಧ್ಯಾಪಕನ ಕೆಂಪು ಶಾಯಿ ಅಲ್ಲಿ ‘ಪುನರುಕ್ತಿ’ ಎಂದು ಬರೆಯುವ ಮುನ್ನ ಒಮ್ಮೆ ಅದನ್ನು ಹಾಡಿಸಿ ಕೇಳಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಹಾಡಿದ ಮೇಲೂ ಅದು ಕೆಟ್ಟದಾಗಿದ್ದರೆ ಆಗ ನಿರ್ದಾಕ್ಷಿಣ್ಯವಾಗಿ ಹೇಳೋಣ.

ನನ್ನ ಬೇಡಿಕೆ ಬಹಳ ಚಿಕ್ಕದು. ಪಠ್ಯದಲ್ಲಿ ಹಾಡು ಬಂದ ದಿನ ಮೊದಲು ಪುಸ್ತಕ ತೆರೆಯುವುದು ಬೇಡ. ಹಾಡಬಲ್ಲವರೊಬ್ಬರು ಹಾಡಲಿ, ಇಲ್ಲವಾದರೆ ಪ್ರತಿ ಜೇಬಿನಲ್ಲಿಯೂ ಇರುವ ಮೊಬೈಲು ಹಾಡಲಿ. ಎರಡು ಸಲ, ಮೂರು ಸಲ ಕೇಳಿದ ಮೇಲೆ ಪುಸ್ತಕ ತೆರೆದು, ಅಚ್ಚಿನಲ್ಲಿ ಏನು ಕಳೆದುಹೋಗಿದೆಯೆಂದು ವಿದ್ಯಾರ್ಥಿಗಳನ್ನೇ ಕೇಳೋಣ. ಪರೀಕ್ಷೆಯ ಪ್ರಶ್ನೆಯೂ ಅದೇ ಆಗಲಿ. ಮಿತ್ರರಿಗೂ ಇದೇ ಬಿನ್ನಹ: ಒಂದು ಸಂಜೆ ಬಿಡುವು ಮಾಡಿಕೊಂಡು, ಕನ್ನಡಕವನ್ನು ತೆಗೆದಿಟ್ಟು, ಆ ಎರಡೂವರೆ ನಿಮಿಷವನ್ನು ಕೇಳಬೇಕು. ‘ಪ್ಲೀಸ್’ ಎಂಬುದು ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ, ನಿಂತ ಮೇಲೆ ಆ ಒಂಟಿ ದನಿ ಹೇಗೆ ಬರುತ್ತದೆ ಎಂಬುದಷ್ಟನ್ನೇ ಗಮನಿಸಲಿ. ಆಮೇಲೆಯೂ ಅವರಿಗೆ ಅಲ್ಲಿ ಇಪ್ಪತ್ತು ಪದಗಳೇ ಕೇಳಿಸಿದರೆ ನಾವಿಬ್ಬರೂ ಮತ್ತೆ ಕೂತು ವಾದ ಮಾಡೋಣ.